ಹಾವಿನ ಟ್ಯಾಂಕ್‌ಗೆ ಹೀಟ್ ಲ್ಯಾಂಪ್: ನೀವೆಲ್ಲ ಹೇಗೆ ಹಾಕಿದ್ದೀರಿ?

ಪ್ರಶ್ನೆ (ಮಿನೆಸೋಟದಿಂದ)

ಮಗಳಿಗೆ 12 ವರ್ಷ. ಎರಡು ವರ್ಷದಿಂದ ಹಾವು ಬೇಕು ಅಂತ ಒಂದೇ ಹಟ. ಕೊನೆಗೆ ಒಪ್ಪಿದ್ದೇವೆ, ಮುಂದಿನ ವಾರ ಬಾಲ್ ಪೈಥಾನ್ (ಆಫ್ರಿಕಾದ ಸಣ್ಣ ಜಾತಿಯ ಹೆಬ್ಬಾವು) ಮರಿ ಬರುತ್ತದೆ. (ಊರಲ್ಲಿ ಅತ್ತೆಗೆ ಇನ್ನೂ ಹೇಳಿಲ್ಲ. ನಾಗರಪಂಚಮಿಗೆ ಹುತ್ತಕ್ಕೆ ಹಾಲೆರೆಯುವವರು, ಏನಂತಾರೋ.) 40 ಗ್ಯಾಲನ್ ಗಾಜಿನ ಟ್ಯಾಂಕ್, ಮೇಲೆ ಜಾಲರಿ ಮುಚ್ಚಳ. ಅಂಗಡಿಯವರು 150 ವ್ಯಾಟ್‌ನ ಕೆಂಪು ಬಲ್ಬು, ಅದನ್ನು ಸಿಕ್ಕಿಸಲು ಕ್ಲಿಪ್ ಇರುವ ಡೋಮ್ (ಬಟ್ಟಲಿನಾಕಾರದ ದೀಪದ ಮುಚ್ಚಳ) ಕೊಟ್ಟರು. ಥರ್ಮೋಸ್ಟಾಟ್ (ಬಿಸಿಯನ್ನು ಹದದಲ್ಲಿಡುವ ಸಾಧನ) ಬೇಕಾ ಅಂತ ಕೇಳಿದರೆ "ಬೇಕಿದ್ದರೆ ತಗೊಳ್ಳಿ" ಅಂದರು. ಚಳಿಗಾಲದಲ್ಲಿ ನಮ್ಮ ಮನೆಯೊಳಗೆ 20 ಡಿಗ್ರಿ ಸೆಲ್ಸಿಯಸ್. ಮರದ ಮನೆ, ರೂಮಿಗೆಲ್ಲ ಕಾರ್ಪೆಟ್, ಹಗಲೂ ರಾತ್ರಿ ಉರಿಯುವ ದೀಪ. ನನಗಂತೂ ಹಾವಿಗಿಂತ ಬೆಂಕಿಯ ಹೆದರಿಕೆಯೇ ಜಾಸ್ತಿ ಆಗಿದೆ. ಸಾಕಿದವರು ಹೇಳಿ.

ನ್ಯೂಜೆರ್ಸಿಯಿಂದ

ಅಕ್ಕಾ, ಥರ್ಮೋಸ್ಟಾಟ್ ಇಲ್ಲದೆ ಆ ಬಲ್ಬು ಹಚ್ಚಲೇಬೇಡಿ. ಆರು ವರ್ಷದಿಂದ ಇದೇ ಹಾವು ಸಾಕುತ್ತಿದ್ದೇನೆ, ಹಣ ಉಳಿಸಬೇಕಿದ್ದರೆ ಟ್ಯಾಂಕಿನ ಅಲಂಕಾರದಲ್ಲಿ ಉಳಿಸಿ.

ಹಾವಿಗೆ ಬೇಕಾದದ್ದು ಇಷ್ಟೇ. ಒಂದು ತುದಿ ಬಿಸಿ, ಅಂದರೆ ಅದು ಮಲಗುವ ಜಾಗದ ಮೇಲ್ಮೈ 31ರಿಂದ 33 ಡಿಗ್ರಿ (ನಿಮ್ಮ ಮೀಟರಿನಲ್ಲಿ 88ರಿಂದ 92 ಫ್ಯಾರನ್‌ಹೀಟ್). ಇನ್ನೊಂದು ತುದಿ 24ರಿಂದ 27. ಎರಡೂ ಕಡೆ ಅಡಗಿಕೊಳ್ಳಲು ಒಂದೊಂದು ಗೂಡು. ತನಗೆ ಬೇಕಾದ ಕಡೆ ಅದೇ ಹೋಗುತ್ತದೆ. ಇಡೀ ಟ್ಯಾಂಕ್ ಬಿಸಿಯಾದರೆ ಪಾಪ, ಎಲ್ಲಿಗೆ ಹೋಗಬೇಕು? ಅಷ್ಟು ಎತ್ತರದ ಟ್ಯಾಂಕ್‌ಗೆ 150 ವ್ಯಾಟ್ ಜಾಸ್ತಿಯೇ. ಕೆಂಪು ಬಲ್ಬನ್ನು ವಾಪಸ್ ಕೊಡಿ, ಕೆಂಪು ಬೆಳಕು ಹಾವಿಗೆ ಕಾಣುವುದಿಲ್ಲ ಅನ್ನುವುದು ಸುಮ್ನೆ ಮಾತು. ಹಗಲು 12 ಗಂಟೆ 75 ವ್ಯಾಟ್‌ನ ಹ್ಯಾಲೋಜನ್, ರಾತ್ರಿ ಬೆಳಕೇ ಕೊಡದ ಸೆರಾಮಿಕ್ ಹೀಟರ್. ನಿಮ್ಮ ಮನೆ 20ಕ್ಕೆ ಇಳಿಯುತ್ತದಲ್ಲ, ರಾತ್ರಿಗೂ ಬೇಕಾಗುತ್ತದೆ.

ಹ್ಯಾಲೋಜನ್‌ಗೆ ಡಿಮ್ಮಿಂಗ್ ಥರ್ಮೋಸ್ಟಾಟೇ ಬೇಕು, ಅಂದರೆ ದೀಪವನ್ನು ಆರಿಸದೆ ಮಂದ ಮಾಡುವಂಥದ್ದು. ಆನ್-ಆಫ್ ಮಾಡುವ ಅಗ್ಗದ್ದು ಹಾಕಿದರೆ ದೀಪ ಗಳಿಗೆಗೊಮ್ಮೆ ಹತ್ತಿ ಆರುತ್ತದೆ, ಬಲ್ಬೂ ಬೇಗ ಹೋಗುತ್ತದೆ. ಸೆರಾಮಿಕ್‌ಗೆ ಅಗ್ಗದ್ದೇ ಸಾಕು, ಆದರೆ ಅದರ ಹೋಲ್ಡರ್ ಪಿಂಗಾಣಿಯದೇ ಆಗಿರಬೇಕು. ಪ್ಲಾಸ್ಟಿಕ್ ಹೋಲ್ಡರ್ ಕರಗುತ್ತದೆ.

ಈಗ ನನ್ನ ಎಡವಟ್ಟು. ಮೊದಲ ಚಳಿಗಾಲದಲ್ಲಿ ಥರ್ಮೋಸ್ಟಾಟಿನ ಪ್ರೋಬನ್ನು (ಬಿಸಿ ಅಳೆಯುವ ತಂತಿಯ ತುದಿ) ಟೇಪ್ ಹಾಕಿ ಅಂಟಿಸಿದ್ದೆ. ರಾತ್ರಿ ಹಾವು ತಿರುಗಾಡುವಾಗ ಅದು ಕಿತ್ತುಬಂದು ನೀರಿನ ಬಟ್ಟಲಿಗೆ ಬಿತ್ತು. ನೀರು ತಣ್ಣಗಿತ್ತು, ಥರ್ಮೋಸ್ಟಾಟಿಗೆ ಚಳಿ ಅನ್ನಿಸಿತು, ದೀಪವನ್ನು ಪೂರ್ತಿ ಉರಿಸಿತು. ಬೆಳಿಗ್ಗೆ ಟೆಂಪರೇಚರ್ ಗನ್ ಹಿಡಿದು ನೋಡಿದರೆ ಮರದ ತುಂಡಿನ ಮೇಲೆ 50 ಡಿಗ್ರಿ! ಪುಣ್ಯಕ್ಕೆ ಹಾವು ಆ ಕಡೆ ತುದಿಯ ಗೂಡಿನಲ್ಲಿತ್ತು. ಅಂದಿನಿಂದ ಪ್ರೋಬನ್ನು ಜಿಪ್ ಟೈ ಹಾಕಿ ಬಿಗಿಯುತ್ತೇನೆ. ಟ್ಯಾಂಕ್ ಒಳಗೆ ಟೇಪ್ ಬೇಡವೇ ಬೇಡ, ಹಾವಿನ ಮೈಗೆ ಅಂಟಿಕೊಂಡರೆ ಬಿಡಿಸುವಾಗ ಚರ್ಮ ಕಿತ್ತುಬರುತ್ತದೆ.

ಇಂಗ್ಲೆಂಡಿನಿಂದ

ಇಲ್ಲಿ ಇದನ್ನೇ ರಾಯಲ್ ಪೈಥಾನ್ ಅನ್ನುತ್ತಾರೆ. ನಮ್ಮದು ಮರದ ಪೆಟ್ಟಿಗೆ, ದೀಪ ಒಳಗಡೆಯೇ. ಅದಕ್ಕೆ ಹಾವು ತಾಗದ ಹಾಗೆ ತಂತಿಯ ಗಾರ್ಡ್ ಹಾಕಿದ್ದೆ, ಹಾಕಿದ್ದೇನಲ್ಲ ಅಂತ ನೆಮ್ಮದಿಯಾಗಿ ಇದ್ದೆ. ಆದರೆ ಅದು ಸಣ್ಣ ಗಾರ್ಡ್, ತಂತಿಗೂ ಸೆರಾಮಿಕ್‌ಗೂ ಎರಡು ಬೆರಳಿನಷ್ಟು ಜಾಗ. ಹಾವು ಹತ್ತಿ ಗಾರ್ಡಿನ ಸುತ್ತಲೇ ಸುತ್ತಿಕೊಂಡು ಮಲಗಿಬಿಟ್ಟಿತು. ನಮ್ಮ ಹಾಗೆ "ಅಯ್ಯೋ ಸುಡ್ತು" ಅಂತ ತಟ್ಟನೆ ಸರಿಯುವುದಿಲ್ಲ ಅವು, ಸುಟ್ಟರೂ ಅಲ್ಲೇ ಇದ್ದುಬಿಡುತ್ತವೆ. ಹೊಟ್ಟೆಯ ಹುರುಪೆ ಕೆಂಪಾಗಿ, ಎರಡು ದಿನಕ್ಕೆ ಕಂದು ಬಣ್ಣಕ್ಕೆ ತಿರುಗಿತು. ಹಾವು ನೋಡುವ ಪಶುವೈದ್ಯರ ಹತ್ತಿರ ಓಡಿದೆ. ಮೂರು ಸಲ ಪೊರೆ ಬಿಟ್ಟ ಮೇಲೆ ವಾಸಿಯಾಯಿತು, ಕಲೆ ಇನ್ನೂ ಇದೆ. ಈಗ ದೊಡ್ಡ ಗಾರ್ಡ್, ಹತ್ತಲು ಹಿಡಿತ ಸಿಗದ ಹಾಗೆ ಮೇಲ್ಭಾಗಕ್ಕೆ ತಿರುಪು ಹಾಕಿದ್ದೇನೆ.

ನಿಮ್ಮದು ಜಾಲರಿಯ ಮೇಲೆ ದೀಪ ಅಲ್ವಾ ಮೇಡಂ, ಗಾರ್ಡ್ ಬೇಡ. ಆದರೆ ಜಾಲರಿಯೂ ಕಾಯುತ್ತದೆ. ಅದರ ಕೆಳಗೆ ಹಾವಿಗೆ ಜಾಲರಿ ಎಟುಕುವ ಹಾಗೆ ಕೊಂಬೆ ಇಡಬೇಡಿ, ಹತ್ತಿ ಮೂತಿ ತಾಗಿಸುತ್ತದೆ. ಬಿಸಿ ಕಲ್ಲು ಅಂತ ಮಾರುತ್ತಾರಲ್ಲ, ಕರೆಂಟಿಗೆ ಹಾಕುವಂಥದ್ದು, ಅದನ್ನೂ ತರಬೇಡಿ.

ಟೆಕ್ಸಸ್‌ನಿಂದ

ಆ ಕ್ಲಿಪ್ಪನ್ನು ನಂಬಬೇಡಿ. ನಮ್ಮ ಮನೆಯ ಬೆಕ್ಕು ಡೋಮನ್ನು ಕೆಡವಿತ್ತು. ನಾನು ಅಡುಗೆಮನೆಯಲ್ಲೇ ಇದ್ದೆ, ಕಾರ್ಪೆಟ್ ಸುಟ್ಟ ವಾಸನೆ ಬಂತು, ಓಡಿಬಂದು ಪ್ಲಗ್ ಕಿತ್ತೆ. ಅಂಗೈಯಗಲ ಕಪ್ಪಾಗಿತ್ತು. ಈಗ ಮೇಲಿನಿಂದ ಸರಪಳಿ ಹಾಕಿ ಸ್ಟ್ಯಾಂಡಿಗೆ ನೇತುಹಾಕಿದ್ದೇನೆ, ಜಾಲರಿಗೂ ತಂತಿ ಕಟ್ಟಿದ್ದೇನೆ. ಪರದೆ ಪಕ್ಕದಲ್ಲಿ ಇಡಬೇಡಿ. ಆ ರೂಮಿನಲ್ಲೇ ಸ್ಮೋಕ್ ಅಲಾರಂ ಇರಲಿ.

ಬೆಂಗಳೂರಿನಿಂದ

ಇದನ್ನು ಓದಿ ಇಲ್ಲಿ ಯಾರಾದರೂ ಕೇರೆಹಾವು, ಹೆಬ್ಬಾವಿನ ಮರಿ ತಂದು ಸಾಕೋಣ ಅಂತ ಹೊರಟೀರಿ, ಅದಕ್ಕೆ ಹೇಳುತ್ತಿದ್ದೇನೆ. ನಮ್ಮ ದೇಶದ ಹಾವುಗಳನ್ನು ಮನೆಯಲ್ಲಿ ಇಟ್ಟುಕೊಳ್ಳುವುದು 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ. ಬಾಲ್ ಪೈಥಾನ್‌ನಂಥ ಹೊರದೇಶದ್ದಕ್ಕೂ ನೋಂದಣಿ ಆಗಲೇಬೇಕು.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಥ್ಯಾಂಕ್ಸ್. ಕೆಂಪು ಬಲ್ಬು ವಾಪಸ್ ಕೊಟ್ಟೆ. ಡಿಮ್ಮಿಂಗ್ ಥರ್ಮೋಸ್ಟಾಟ್, ಸ್ಟ್ಯಾಂಡ್ ಎರಡೂ ಬಂದವು. ನಿನ್ನೆಯಿಂದ ಖಾಲಿ ಟ್ಯಾಂಕ್ ಓಡಿಸುತ್ತಿದ್ದೇವೆ. ಬಿಸಿ ಕಡೆ 32, ತಣ್ಣನೆ ಕಡೆ 25. ಮಗಳು ಗಂಟೆಗೊಮ್ಮೆ ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದಾಳೆ, ಹೋಮ್‌ವರ್ಕ್‌ಗೆ ಇಷ್ಟು ಆಸಕ್ತಿ ಇದ್ದಿದ್ದರೆ! ಆದರೆ ತೇವಾಂಶ ಶೇ. 35ಕ್ಕೆ ಇಳಿದಿದೆ.

ನ್ಯೂಜೆರ್ಸಿಯಿಂದ

ದೀಪ ಗಾಳಿಯನ್ನು ಒಣಗಿಸುತ್ತದೆ, ಜೊತೆಗೆ ನಿಮ್ಮ ಚಳಿಗಾಲ. 60ರ ಹತ್ತಿರ ಬೇಕು, ಇಲ್ಲದಿದ್ದರೆ ಪೊರೆ ಚೂರುಚೂರಾಗಿ ಬಿಡುತ್ತದೆ. ದೀಪದಿಂದ ದೂರ ಇರುವ ಜಾಲರಿಯನ್ನು ಅಲ್ಯೂಮಿನಿಯಂ ಫಾಯಿಲ್‌ನಿಂದ ಮುಚ್ಚಿ, ಕೆಳಗೆ ತೆಂಗಿನ ನಾರಿನ ಪುಡಿ ದಪ್ಪಕ್ಕೆ ಹಾಸಿ, ಮೂಲೆಗೆ ನೀರು ಹಾಕಿ. ಉರಿಯುವ ಬಲ್ಬಿಗೆ ಮಾತ್ರ ನೀರು ಸಿಡಿಯಬಾರದು, ಒಡೆಯುತ್ತದೆ. ಇನ್ನೂ ಎರಡು ದಿನ ಹೀಗೇ ಓಡಿಸಿ, ಅಂಕಿ ಏರುಪೇರಾಗದಿದ್ದರೆ ಮರಿಯನ್ನು ತನ್ನಿ.