ಓಪುಸ್ ಕೈಮೆಂಟಿಕಿಯುಮ್: ಗಾರೆಯೋ, ಸಿಮೆಂಟೋ, ಕಾಂಕ್ರೀಟೋ?

ಪ್ರಶ್ನೆ: ರೋಮನ್ ಕಟ್ಟಡಗಳ ಬಗೆಗಿನ ಕನ್ನಡ ಬರಹಗಳಲ್ಲಿ ‘ಓಪುಸ್ ಕೈಮೆಂಟಿಕಿಯುಮ್’ ಎಂಬ ಲ್ಯಾಟಿನ್ ಮಾತಿಗೆ ಒಮ್ಮೆ ‘ರೋಮನ್ ಸಿಮೆಂಟ್’, ಒಮ್ಮೆ ‘ಗಾರೆ’ ಎಂದು ಬರೆದಿರುತ್ತಾರೆ. ಯಾವುದು ಸರಿ? ರೋಮನರು ಸುಣ್ಣಕ್ಕೆ ಬೆರೆಸುತ್ತಿದ್ದ ‘ಪೊಝೊಲಾನ’ವನ್ನು ‘ಬೂದಿ’ ಅನ್ನಬಹುದೇ? ರೋಮ್ ನಗರದ ಪ್ರಾಚೀನ ದೇಗುಲ ಪ್ಯಾಂಥಿಯಾನ್‌ನ ಮಾಡಿಗೆ ‘ಗುಮ್ಮಟ’ ಹೊಂದುತ್ತದೆಯೇ?

ಉತ್ತರ: ಮಾನ್ಯರೆ, ಸಿಮೆಂಟ್ ಖಂಡಿತ ಬೇಡ. ಆ ಮಾತು ಕೇಳಿದ ಕೂಡಲೇ ಓದುಗರ ಕಣ್ಣಮುಂದೆ ಬರುವುದು ಚೀಲದಲ್ಲಿ ಸಿಗುವ ಪೋರ್ಟ್‌ಲ್ಯಾಂಡ್ ಸಿಮೆಂಟ್. ಅದಕ್ಕೆ ಪೇಟೆಂಟ್ ಸಿಕ್ಕಿದ್ದು 1824ರಲ್ಲಿ. ಜೊತೆಗೆ ಕಬ್ಬಿಣದ ಸರಳೂ ನೆನಪಾಗುತ್ತದೆ. ರೋಮನರ ಕಾಂಕ್ರೀಟಿನಲ್ಲಿ ಸರಳು ಇರಲಿಲ್ಲ.

ಲ್ಯಾಟಿನ್ ಪದವನ್ನೇ ಬಿಡಿಸಿ ನೋಡೋಣ. ‘ಓಪುಸ್’ ಅಂದರೆ ಕೆಲಸ, ನಮ್ಮ ‘ಗಾರೆ ಕೆಲಸ’ದಲ್ಲಿರುವ ಕೆಲಸವೇ. ‘ಕೈಮೆಂಟ’ ಅಂದರೆ ಒರಟು ಕಲ್ಲಿನ ತುಂಡುಗಳು. ‘ಕಡಿ, ಕತ್ತರಿಸು’ ಎಂಬ ಅರ್ಥದ ಕ್ರಿಯಾಪದದಿಂದ ಬಂದದ್ದು. ಹಾಗಾಗಿ ಆ ಪದ ಮೊದಲು ಹೇಳುತ್ತಿದ್ದುದು ಅಂಟನ್ನಲ್ಲ, ಅಂಟಿನೊಳಗೆ ಕೂರುವ ಕಲ್ಲನ್ನು. ಕಾಲ ಸರಿದಂತೆ ಅರ್ಥ ಕಲ್ಲಿನಿಂದ ಅಂಟಿಗೆ ಜಾರಿತು. ಇಂದಿನ ‘ಸಿಮೆಂಟ್’ ಅದರ ಮೊಮ್ಮಗ. ನಮ್ಮ ‘ಗಾರೆ’ಯೂ ಹೀಗೇ ಸರಿದಿದೆ. ಸುಣ್ಣ ಮರಳು ಕಲಸಿದ್ದಕ್ಕೆ ಇದ್ದ ಹೆಸರು ಈಗ ಸಿಮೆಂಟಿನಲ್ಲಿ ಮಾಡುವ ಕೆಲಸಕ್ಕೂ ಸಲ್ಲುತ್ತದೆ.

‘ಗಾರೆ’ ಎಂದಷ್ಟೇ ಬರೆದರೆ ಕಲ್ಲು ಬಿಟ್ಟುಹೋಗುತ್ತದೆ. ಕೆಲಸ ನಡೆಯುತ್ತಿದ್ದ ಬಗೆ ಹೀಗೆ: ಮುಷ್ಟಿ ಗಾತ್ರದ ಅಥವಾ ಅದಕ್ಕೂ ದೊಡ್ಡ ಕಲ್ಲು, ಒಡೆದ ಇಟ್ಟಿಗೆಯನ್ನು ಕೈಯಿಂದ ವರಸೆ ವರಸೆಯಾಗಿ ಹಾಸುವುದು, ನಡುನಡುವೆ ಗಟ್ಟಿ ಗಾರೆಯನ್ನು ಕರಣೆಯಿಂದ ತುಂಬುವುದು. ಇಂದಿನ ಹಾಗೆ ಜಲ್ಲಿ ಸೇರಿಸಿ ತೆಳ್ಳಗೆ ಕಲಸಿ ಹೊಯ್ಯುತ್ತಿರಲಿಲ್ಲ. ಆದ್ದರಿಂದ ‘ಕಾಂಕ್ರೀಟ್ ಸುರಿದರು’ ಎಂಬ ಕ್ರಿಯಾಪದ ತಪ್ಪು. ‘ಹಾಸಿದರು’, ‘ತುಂಬಿದರು’ ಅನ್ನಿ. ಹೆಸರಿಗಿಂತ ಈ ಕ್ರಿಯಾಪದವೇ ಹೆಚ್ಚು ದಾರಿ ತಪ್ಪಿಸುತ್ತದೆ ಎಂಬುದು ನನ್ನ ಅನಿಸಿಕೆ.

ಹೆಸರಿಗೆ ‘ರೋಮನ್ ಕಾಂಕ್ರೀಟ್’ ಇರಲಿ. ಮೊದಲ ಸಲ ಬಂದಲ್ಲಿ ‘ಒರಟು ಕಲ್ಲು ಕೂಡಿಸಿದ ಸುಣ್ಣದ ಗಾರೆ’ ಎಂದು ಬಿಡಿಸಿ ಹೇಳಿದರೆ ಸಾಕು. ಕಲ್ಲು ಬಿಟ್ಟು ಬರೀ ಅಂಟಿನ ಮಾತು ಬಂದಲ್ಲಿ ಮಾತ್ರ ‘ಗಾರೆ’.

ಈಗ ‘ಬೂದಿ’. ಲ್ಯಾಟಿನ್‌ನಲ್ಲಿ ಪೊಝೊಲಾನಕ್ಕೆ ‘ಪುಲ್ವಿಸ್’ ಎನ್ನುತ್ತಿದ್ದರು, ಅಂದರೆ ಪುಡಿ, ಧೂಳು. ನೇಪಲ್ಸ್ ಬಳಿಯ ಪುತಿಯೋಲಿ, ಇಂದಿನ ಪೊಝ್ಝುವೋಲಿ, ಊರಿನಿಂದ ‘ಪೊಝೊಲಾನ’ ಬಂತು. ಬೂದಿ ಎಂದರೆ ಒಲೆಯ ಬೂದಿ ಎಂದೇ ತಿಳಿದಾರು. ‘ಜ್ವಾಲಾಮುಖಿಯ ಪುಡಿ’ ಎಂದು ಬರೆಯಿರಿ. ಈ ವ್ಯತ್ಯಾಸ ಅರ್ಥದ ದೃಷ್ಟಿಯಿಂದಲೂ ಮುಖ್ಯ. ಬರೀ ಸುಣ್ಣ ಮರಳಿನ ಗಾರೆ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಹೀರಿ ಗಟ್ಟಿಯಾಗುತ್ತದೆ. ದಪ್ಪ ಗೋಡೆಯಲ್ಲಿ ಮೇಲ್ಮೈ ಬೇಗ ಬಿಗಿದು ಒಳಗೆ ಬಹುಕಾಲ ಮೆತ್ತಗೇ ಉಳಿಯುತ್ತದೆ, ನೀರಿನೊಳಗಂತೂ ಬಿಗಿಯುವುದೇ ಇಲ್ಲ. ಜ್ವಾಲಾಮುಖಿ ಪುಡಿಯಲ್ಲಿರುವ ಸಿಲಿಕಾ, ಅಲ್ಯುಮಿನಾ ಅರಳಿದ ಸುಣ್ಣದೊಡನೆ ನೀರಿನ ನೆರವಿನಲ್ಲೇ ಕೂಡುತ್ತವೆ. ಅದಕ್ಕೆ ಗಾಳಿ ಬೇಕಿಲ್ಲ. ರೋಮನ್ ವಾಸ್ತುಶಿಲ್ಪಿ ವಿಟ್ರೂವಿಯಸ್ ಕೊಡುವ ಅಳತೆಯಲ್ಲೂ ಇದು ಕಾಣುತ್ತದೆ: ನೆಲದಿಂದ ಅಗೆದ ಮರಳಾದರೆ ಒಂದು ಪಾಲು ಸುಣ್ಣಕ್ಕೆ ಮೂರು ಪಾಲು, ಹೊಳೆಯ ಅಥವಾ ಕಡಲಿನ ಮರಳಾದರೆ ಎರಡು, ಕಡಲಿನೊಳಗೆ ಕಟ್ಟುವ ಬಂದರಿಗೆ ಒಂದು ಪಾಲು ಸುಣ್ಣಕ್ಕೆ ಎರಡು ಪಾಲು ಈ ಪುಡಿ.

‘ಗುಮ್ಮಟ’ ಧಾರಾಳವಾಗಿ ಬಳಸಿ. ಆ ಪದ ಆಕಾರವನ್ನಷ್ಟೇ ಹೇಳುತ್ತದೆ, ಯಾವುದರಿಂದ ಕಟ್ಟಿದ್ದು ಎಂದಲ್ಲ. ವಿಜಯಪುರದ ಗೋಲ ಗುಮ್ಮಟದ ಮಾಡು ಗಾರೆಯಲ್ಲಿ ಕೂರಿಸಿದ ಇಟ್ಟಿಗೆಯದು. ಪ್ಯಾಂಥಿಯಾನ್‌ನದು ಕಾಂಕ್ರೀಟ್, ಒಳ ಅಡ್ಡಳತೆ ಸುಮಾರು 43 ಮೀಟರ್. ಅಲ್ಲಿ ಕಲ್ಲಿನ ಆಯ್ಕೆಯೇ ಜಾಣತನ: ತಳಪಾಯದಲ್ಲಿ ಭಾರದ ಟ್ರಾವರ್ಟೀನ್ ಎಂಬ ಸುಣ್ಣಕಲ್ಲು, ಮೇಲೇರಿದಂತೆ ಜ್ವಾಲಾಮುಖಿಯ ಪುಡಿ ಗಟ್ಟಿಯಾಗಿ ಆದ ಹಗುರವಾದ ಟಫ್ ಕಲ್ಲು ಮತ್ತು ಇಟ್ಟಿಗೆ ಚೂರು, ತುದಿಯಲ್ಲಿ ನೀರಲ್ಲಿ ತೇಲುವಷ್ಟು ಹಗುರವಾದ ಪ್ಯೂಮಿಸ್ ಎಂಬ ಜ್ವಾಲಾಮುಖಿ ಕಲ್ಲು. ಗುಮ್ಮಟದ ದಪ್ಪ, ಬುಡದಲ್ಲಿ ಸುಮಾರು 6 ಮೀಟರ್, ನೆತ್ತಿಯ ಬೆಳಕಿಂಡಿಯ ಅಂಚಿನಲ್ಲಿ ಸುಮಾರು 1.2 ಮೀಟರ್. ಹಾಗಿದ್ದರೂ ಬುಡದ ಕಡೆ ಹೊರಕ್ಕೆ ಜಗ್ಗುವ ಬಲವನ್ನು ಸರಳಿಲ್ಲದ ಕಾಂಕ್ರೀಟ್ ತಡೆಯಲಾರದೆ ಉದ್ದುದ್ದ ಬಿರುಕು ಬಿಟ್ಟಿದೆ.

ಸೇರ್ಪಡೆ (ಮತ್ತೊಬ್ಬರಿಂದ): ಮೇಲಿನ ಉತ್ತರ ಒಪ್ಪಿಗೆ. ‘ಓಪುಸ್ ಸಿಗ್ನಿನುಮ್’ ಬಂದರೆ ಹೊಸ ಪದ ಕಟ್ಟಬೇಡಿ, ‘ಸುರ್ಕಿ ಗಾರೆ’ ಅನ್ನಿ. ಹೆಂಚು, ಮಡಕೆ ಕುಟ್ಟಿ ಸುಣ್ಣಕ್ಕೆ ಬೆರೆಸಿ ನೀರಿನ ತೊಟ್ಟಿಗೆ, ನೆಲಕ್ಕೆ ಬಳಿಯುತ್ತಿದ್ದ ಗಾರೆ ಅದು. 1911ರಲ್ಲಿ ಶುರುವಾದ ಕನ್ನಂಬಾಡಿ ಕಟ್ಟೆಯ ಕಲ್ಲುಗಳನ್ನು ಹಿಡಿದಿರುವುದೂ ಇಟ್ಟಿಗೆ ಪುಡಿಯ ಸುರ್ಕಿಯೇ. ಪುಡಿಯ ಇಟ್ಟಿಗೆ ಹದವಾಗಿ ಬೆಂದಿರಬೇಕು. ಅತಿಯಾಗಿ ಬೆಂದು ಕಪ್ಪಾದದ್ದರ ಪುಡಿಗೆ ಸುಣ್ಣದೊಡನೆ ಕೂಡುವ ಗುಣ ಕಡಿಮೆ.

ಇನ್ನೊಂದು: ‘ಓಪುಸ್ ಟೆಸ್ಟಾಕೆಯುಮ್’ ಅನ್ನು ‘ಇಟ್ಟಿಗೆ ಗೋಡೆ’ ಎಂದು ಬರೆಯುವವರಿದ್ದಾರೆ. ಅದು ಇಟ್ಟಿಗೆ ಮುಖದ ಗೋಡೆ, ಒಳಗಿರುವುದು ಕಾಂಕ್ರೀಟ್. ಸುಮಾರು 20 ಸೆಂಟಿಮೀಟರಿನ ಚೌಕ ಇಟ್ಟಿಗೆಯನ್ನು ಮೂಲೆಯಿಂದ ಮೂಲೆಗೆ ಸೀಳಿ, ಉದ್ದನೆಯ ಅಂಚು ಹೊರಗೆ, ಮೊನೆ ಒಳಗೆ ಬರುವಂತೆ ಇಡುತ್ತಿದ್ದರು. ಮೊನೆಗಳ ನಡುವಿನ ಸಂದಿಯಲ್ಲಿ ಕಾಂಕ್ರೀಟ್ ಕಚ್ಚಿಕೊಳ್ಳುತ್ತಿತ್ತು. ಹೊರಗಿನಿಂದ ನೋಡಿದರೆ ಇಡೀ ಗೋಡೆ ಇಟ್ಟಿಗೆಯದೇ ಅನಿಸುತ್ತದೆ. ಅದಕ್ಕೇ ‘ಮುಖ’ ಎಂಬ ಪದ ಬಿಡಬಾರದು.