ಪದಚರ್ಚೆ: ಸೈಟೊಕೈನ್ ತನ್ನ ಗ್ರಾಹಕವನ್ನು ‘ಬಂಧಿಸುತ್ತದೆ’ ಎನ್ನಬಹುದೇ?

ಪ್ರಶ್ನೆ

ಮಾನ್ಯರೇ,

ರೋಗನಿರೋಧಕ ವ್ಯವಸ್ಥೆಯನ್ನು ಕುರಿತ ವಿವರಣಾ ಫಲಕವೊಂದರ ಅನುವಾದ ನಾಳೆ ಅಚ್ಚಿಗೆ ಹೋಗಬೇಕು. ‘ಇಂಟರ್‌ಲ್ಯೂಕಿನ್-2 ಟಿ ಕೋಶದ ಮೇಲಿನ ಗ್ರಾಹಕವನ್ನು ಬಂಧಿಸಿದಾಗ ಆ ಕೋಶವು ವಿಭಜನೆಗೆ ತೊಡಗುತ್ತದೆ’ ಎಂದು ಬರೆದಿದ್ದೆ. ಟಿ ಕೋಶವೆಂದರೆ ರೋಗನಿರೋಧಕ ವ್ಯವಸ್ಥೆಯ ಒಂದು ಬಿಳಿ ರಕ್ತಕೋಶ; ಗ್ರಾಹಕವೆಂದರೆ ಸಂಕೇತವನ್ನು ಪಡೆಯಲು ಕೋಶದ ಮೇಲಿರುವ ಪ್ರೋಟೀನು (receptor); ‘ಬಂಧಿಸು’ ಎಂಬುದು ಇಂಗ್ಲಿಷಿನ bind ಪದಕ್ಕೆ ಬಳಸಿದ್ದು. ಆದರೆ ಕರಡನ್ನು ಓದಿದವರು ಗ್ರಾಹಕನೆಂದರೆ ಕೊಳ್ಳುವವನೆಂದೂ ಬಂಧಿಸುವುದೆಂದರೆ ಸೆರೆಹಿಡಿಯುವುದೆಂದೂ ತಿಳಿದರು. ‘ಅಂಟು’, ‘ಬೆಸೆ’, ‘ಕೂಡು’ ಇವುಗಳಲ್ಲಿ ಯಾವುದು ಸಲ್ಲುತ್ತದೆ? ಕೋಶದಿಂದ ಕೋಶಕ್ಕೆ ಸಂಕೇತ ಒಯ್ಯುವ ಇಂಟರ್‌ಲ್ಯೂಕಿನ್-2ರಂಥ ಪ್ರೋಟೀನುಗಳಿಗಿರುವ ಸೈಟೊಕೈನ್ ಎಂಬ ಹೆಸರನ್ನು ಹಾಗೆಯೇ ಉಳಿಸಬಹುದೇ?

ಒಂದನೆಯ ಉತ್ತರ

ಮೂರೂ ಸಲ್ಲವು. ಅಂಟುವ ವಸ್ತು ಸಿಕ್ಕಿದ್ದಕ್ಕೆಲ್ಲ ಅಂಟುತ್ತದೆ, ಬೆಸೆದದ್ದು ಬಿಡುವುದಿಲ್ಲ, ‘ಕೂಡು’ ಎಂಬುದರಲ್ಲಿ ಹಿಡಿತದ ಸುಳಿವೇ ಇಲ್ಲ. ಇಲ್ಲಿಯಾದರೋ ಎರಡು ಪ್ರೋಟೀನುಗಳ ಮೇಲ್ಮೈಯ ಉಬ್ಬುತಗ್ಗುಗಳು ಒಂದಕ್ಕೊಂದು ಹೊಂದಿ, ಹೈಡ್ರೋಜನ್ ಬಂಧಗಳು, ವಿದ್ಯುದಾವೇಶಗಳ ಸೆಳೆತ, ನೀರನ್ನು ಒಲ್ಲದ ಭಾಗಗಳ ಒಗ್ಗೂಡುವಿಕೆ ಮುಂತಾದ ಸಣ್ಣ ಬಲಗಳೆಲ್ಲ ಸೇರಿ ಅವುಗಳನ್ನು ಹಿಡಿದಿಡುತ್ತವೆ. ಆ ಹಿಡಿತ ಬಿಟ್ಟೂ ಹೋಗಬಲ್ಲದು.

ಇದಕ್ಕೆ ‘ಕಚ್ಚಿಕೊಳ್ಳು’ ಎಂಬ ಮಾತು ನಮ್ಮಲ್ಲಿದೆ. ಎರಡು ಚಕ್ರಗಳ ಹಲ್ಲುಗಳು ಕಚ್ಚಿಕೊಂಡವು ಎನ್ನುವಾಗ ಆಕಾರದ ಹೊಂದಿಕೆ, ಬಿಗಿ, ಬಿಡುವ ಸಾಧ್ಯತೆ ಮೂರೂ ಅದರಲ್ಲಿವೆ. ವಿಭಕ್ತಿಯನ್ನೂ ಗಮನಿಸಿ: ‘ಬಂಧಿಸು’ ದ್ವಿತೀಯೆಯನ್ನು ಬೇಡಿ ಗ್ರಾಹಕವನ್ನು ಸೆರೆಯಾಳಾಗಿಸುತ್ತದೆ, ‘ಕಚ್ಚಿಕೊಳ್ಳು’ ಚತುರ್ಥಿಯೊಂದಿಗೆ ನಿಂತು ಆ ತೊಡಕನ್ನು ತಪ್ಪಿಸುತ್ತದೆ. ಹಿಡಿತದ ಹೆಚ್ಚುಕಡಿಮೆಯನ್ನು ಹೇಳುವುದಕ್ಕೂ ಅದೇ ಒದಗುತ್ತದೆ. ಇಂಟರ್‌ಲ್ಯೂಕಿನ್-2 ತನ್ನ ಗ್ರಾಹಕದ ಮೂರು ಪ್ರೋಟೀನು ಸರಪಳಿಗಳಲ್ಲಿ ಆಲ್ಫಾ ಎಂಬುದೊಂದಕ್ಕೇ ಆದರೆ ಸಡಿಲವಾಗಿ ಕಚ್ಚಿಕೊಳ್ಳುತ್ತದೆ; ಆಲ್ಫಾ, ಬೀಟಾ, ಗಾಮಾ ಮೂರೂ ಒಟ್ಟಿಗಿದ್ದಾಗ ಸುಮಾರು 1000 ಪಟ್ಟು ಬಿಗಿಯಾಗಿ ಕಚ್ಚಿಕೊಳ್ಳುತ್ತದೆ.

ಎರಡನೆಯ ಉತ್ತರ

ಕ್ರಿಯಾಪದ ಒಪ್ಪಿಗೆಯಾಯಿತು. ಆದರೆ ಅಚ್ಚಗನ್ನಡದ ಕ್ರಿಯಾಪದದ ಪಕ್ಕದಲ್ಲಿ ಸಂಸ್ಕೃತದ ‘ಗ್ರಾಹಕ’, ಅದರ ಪಕ್ಕದಲ್ಲಿ ಗ್ರೀಕಿನ ‘ಸೈಟೊಕೈನ್’ ಏಕೆ? ‘ಕೊಳ್ಳುಗ’ ಎನ್ನಿ, ‘ಕೋಶಚಾಲಕ’ ಎನ್ನಿ. ಎರವಲಿಗೆ ಒಮ್ಮೆ ಬಾಗಿಲು ತೆರೆದರೆ ಮುಚ್ಚುವವರಿಲ್ಲ.

ಒಂದನೆಯವರ ಮರುತ್ತರ

ಎರವಲು ಬೇಡವೆನ್ನುವವರೇ ಕೊಡುವ ‘ಕೋಶಚಾಲಕ’ದಲ್ಲಿ ಕನ್ನಡದ ಧಾತು ಎಲ್ಲಿದೆ? ಅದು ಒಂದು ಎರವಲನ್ನು ಬಿಟ್ಟು ಇನ್ನೊಂದನ್ನು ಹಿಡಿದಂತಾಯಿತು. ‘ಕೊಳ್ಳುಗ’ ಬೇರೆ ಕಾರಣಕ್ಕೆ ಸೋಲುತ್ತದೆ. ಕನ್ನಡದ ‘ಕೊಳ್’ ಧಾತುವಿಗೆ ತೆಗೆದುಕೊಳ್ಳುವುದು, ಬೆಲೆಕೊಟ್ಟು ಪಡೆಯುವುದು ಎಂಬ ಎರಡೂ ಅರ್ಥಗಳಿವೆ. ಸಂಸ್ಕೃತದ ‘ಗ್ರಹ್’ ಧಾತುವಿನಿಂದ ಬಂದ ‘ಗ್ರಾಹಕ’ವೂ ಕನ್ನಡದಲ್ಲಿ ಅದೇ ಎರಡನೆಯ ಅರ್ಥಕ್ಕೆ ಜಾರಿದೆ. ಓದುಗರು ಎಡವಿದ ಕಲ್ಲನ್ನೇ ಮತ್ತೆ ಅವರ ದಾರಿಯಲ್ಲಿ ಇಡುವುದು ಸರಿಯಲ್ಲ. ‘ಗ್ರಾಹಿ’ ಎಂದರೆ ಧಾತುವೂ ಉಳಿಯುತ್ತದೆ, ವ್ಯಾಪಾರದ ಅರ್ಥವೂ ನೀಗುತ್ತದೆ.

1974ರಲ್ಲಿ ಸೈಟೊಕೈನ್ ಎಂಬ ಹೆಸರನ್ನು ಟಂಕಿಸಿದಾಗ ಕೋಶ ಮತ್ತು ಚಲನೆ ಎಂಬ ಅರ್ಥದ ಗ್ರೀಕ್ ಪದಗಳನ್ನು ಜೋಡಿಸಿದರು. ಈ ಗುಂಪಿಗೇ ಸೇರಿದ ಇಂಟರ್‌ಫೆರಾನ್ ವೈರಸ್ಸಿನ ವೃದ್ಧಿಗೆ ಅಡ್ಡಿಪಡಿಸುತ್ತದೆ. ಅದನ್ನು ‘ಚಾಲಕ’ವೆಂದರೆ ಹೆಸರು ಅನುವಾದವಾಗುತ್ತದೆಯೇ ಹೊರತು ವಸ್ತು ತಿಳಿಯುವುದಿಲ್ಲ. ಸೈಟೊಕೈನ್ ಹಾಗೆಯೇ ಇರಲಿ.

ಫಲಕಕ್ಕೆ ಹೀಗೆ ಬರೆಯಿರಿ: ‘ಇಂಟರ್‌ಲ್ಯೂಕಿನ್-2 ಎಂಬ ಸೈಟೊಕೈನ್ ಟಿ ಕೋಶದ ಮೇಲಿನ ತನ್ನ ಗ್ರಾಹಿಗೆ ಕಚ್ಚಿಕೊಂಡಾಗ, ಗ್ರಾಹಿಯ ಬೀಟಾ ಮತ್ತು ಗಾಮಾ ಸರಪಳಿಗಳ ಒಳತುದಿಗಳು ಹತ್ತಿರ ಬಂದು, ಅಲ್ಲಿರುವ ಜಾಕ್ (JAK) ಎಂಬ ಕಿಣ್ವಗಳು ಚುರುಕುಗೊಂಡು, ವಿಭಜನೆಯ ಸಂಕೇತ ಕೋಶಕೇಂದ್ರವನ್ನು ತಲುಪುತ್ತದೆ.’