ಎಂಜಿಬಿ: ಬಿಸಿಯಾದ ಮೇಲೆ ಆಯಿಲ್ ಪ್ರೆಶರ್ ಇಳಿಯುತ್ತಿದೆ, ಎಂಜಿನ್ ಬಿಚ್ಚಿಸಬೇಕಾ?

ತೊಗರಿನಾಡು (ಕಲಬುರಗಿ):
ನಮಸ್ಕಾರ. ನನ್ನದು 1967ರ ಎಂಜಿಬಿ, ಬ್ರಿಟನ್ನಿನ ಹಳೇ ಸ್ಪೋರ್ಟ್ಸ್ ಕಾರು, 1798 ಸಿಸಿ. ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಗೇಜ್ ಮುಳ್ಳು 70 ಪಿಎಸ್‌ಐ (ಒತ್ತಡದ ಅಳತೆ) ಹತ್ತಿರ ನಿಲ್ಲುತ್ತದೆ. ಮಧ್ಯಾಹ್ನ ಹುಮನಾಬಾದ್ ರಸ್ತೆಯಲ್ಲಿ ಓಡಿಸಿಕೊಂಡು ಬಂದು ರಿಂಗ್ ರೋಡ್ ಸಿಗ್ನಲ್‌ನಲ್ಲಿ ನಿಂತರೆ 15ಕ್ಕೆ ಬಂದುಬಿಡುತ್ತದೆ, ಓಡುವಾಗ ಮಾತ್ರ 55ರ ಆಸುಪಾಸು. ಮೇ ತಿಂಗಳ ನಮ್ಮೂರ ಬಿಸಿಲು ಗೊತ್ತೇ ಇದೆಯಲ್ಲ. ರಿಲೀಫ್ ವಾಲ್ವ್ ಸ್ಪ್ರಿಂಗ್ ಹಿಂದೆ ಎರಡು ವಾಷರ್ ಹಾಕಿದರೆ ಸರಿಹೋಗುತ್ತದೆ ಅಂತಾನೆ ಮಿಸ್ತ್ರಿ. ಹಾಕಿಸಲಾ? ಆಯಿಲ್ 20ಡಬ್ಲ್ಯೂ-50 ದಪ್ಪದ್ದು.

ಬೀದರ್ ಬೋಲ್ಟ್:
ಬೇಡ ಅಣ್ಣಾ. ಪ್ರೆಶರ್ ಜಾಸ್ತಿಯಾದಾಗ ತೆರೆದು ಆಯಿಲನ್ನು ವಾಪಸ್ ಬಿಡುವುದಷ್ಟೇ ಆ ವಾಲ್ವ್ ಕೆಲಸ. 15 ಇರುವಾಗ ಅದು ಮುಚ್ಚಿಯೇ ಇರುತ್ತದೆ, ಒಳಗೆ ಕಸ ಸಿಕ್ಕಿಕೊಂಡಿದ್ದರೆ ಬೇರೆ ಮಾತು. ಸ್ಪ್ರಿಂಗ್ ಬಿಗಿ ಮಾಡಿದರೆ ಬೆಳಗಿನ 70 ಇನ್ನೂ ಏರುತ್ತದೆ, ಸಿಗ್ನಲ್ಲಿನ 15 ಹಾಗೇ ಉಳಿಯುತ್ತದೆ, ಫಿಲ್ಟರ್ ಸೀಲಿಗೆ ಸುಮ್ನೆ ಹೊರೆ. ಈ ಗಾಡಿಗೆ ಮ್ಯಾನ್ಯುಯಲ್ ಹೇಳುವುದೇ ಓಡುವಾಗ 50ರಿಂದ 80, ಐಡಲ್‌ಗೆ (ನಿಂತಲ್ಲೇ ಎಂಜಿನ್ ತಿರುಗುವಾಗ) 10ರಿಂದ 25. ನಿಮ್ಮದು ಅದರೊಳಗೇ ಇದೆ ಅಲ್ವಾ?

ಹಳೇ ಪಿಸ್ಟನ್ (ಯಾದಗಿರಿ):
ಮೊದಲು ಆ ಹಳೇ ಗೇಜ್ ನಂಬಬೇಡಿ, ಬ್ಲಾಕಿಗೆ ಇನ್ನೊಂದು ಒಳ್ಳೆ ಗೇಜ್ ಕಟ್ಟಿ ಎರಡನ್ನೂ ಹೋಲಿಸಿ. ಆಮೇಲೆ ಡಿಪ್‌ಸ್ಟಿಕ್ ಎಳೆದು ಮೂಸಿ ನೋಡಿ. ಪೆಟ್ರೋಲ್ ವಾಸನೆ ಬಂದರೆ, ಮಟ್ಟವೂ ಏರಿದ್ದರೆ, ಎಸ್‌ಯು ಕಾರ್ಬ್ಯುರೇಟರ್ (ಪೆಟ್ರೋಲ್‌ಗೆ ಗಾಳಿ ಬೆರೆಸಿ ಎಂಜಿನ್‌ಗೆ ಕೊಡುವ ಭಾಗ) ಉಕ್ಕುತ್ತಿದೆ ಅಂತ ಅನುಮಾನ ಪಡಿ. ಪೆಟ್ರೋಲ್ ಬೆರೆತ ಆಯಿಲ್ ನೀರಾಗುತ್ತದೆ, ಪ್ರೆಶರ್ ಎಲ್ಲಿಂದ ನಿಲ್ಲಬೇಕು?

ತೊಗರಿನಾಡು:
ಮೂಸಿದೆ ಸರ್, ವಾಸನೆ ಇದೆ! ಮಟ್ಟವೂ ಮೇಲಿನ ಗೀಟು ದಾಟಿದೆ. ಸದ್ಯಕ್ಕೆ ಇನ್ನೂ ದಪ್ಪನೆ ಆಯಿಲ್ ಹಾಕಿ ನೋಡಲಾ?

ಹಳೇ ಪಿಸ್ಟನ್ (ಯಾದಗಿರಿ):
ಬೇಡ್ರೀ. ದಪ್ಪ ಆಯಿಲ್ ಹಾಕಿದರೆ ಮುಳ್ಳು ಮೇಲೇರುತ್ತದೆ, ಬೇರಿಂಗಿಗೆ ಆಯಿಲ್ ಜಾಸ್ತಿ ಹೋಗುತ್ತದೆ ಅಂತೇನಿಲ್ಲ. ಚಳಿಗಾಲದ ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ದಪ್ಪ ಆಯಿಲ್ ಮೇಲಕ್ಕೆ ಹತ್ತುವುದು ತಡವಾಗುತ್ತದೆ, ಎಂಜಿನ್ ಸವೆಯುವುದು ಆ ಕ್ಷಣದಲ್ಲೇ. ಕಾರ್ಬ್ಯುರೇಟರಿಗೆ ಬರುವ ಪೆಟ್ರೋಲ್ ತಡೆಯುವ ಫ್ಲೋಟ್ ಸೂಜಿ ಮತ್ತು ಅದರ ಸೀಟು ಬದಲಿಸಿ, ಈ ಆಯಿಲ್ ಪೂರ್ತಿ ಇಳಿಸಿ, ಫಿಲ್ಟರ್ ಸಮೇತ ಹೊಸ 20ಡಬ್ಲ್ಯೂ-50 ತುಂಬಿ. ಡಬ್ಬಿ ಕೊಳ್ಳುವಾಗ ಸವೆತ ತಡೆಯುವ ಜಿಂಕ್ ಚೆನ್ನಾಗಿರುವುದನ್ನು ಕೇಳಿ ತಗೊಳ್ಳಿ, ಈ ಎಂಜಿನ್‌ನಲ್ಲಿ ವಾಲ್ವ್ ಎತ್ತುವ ಟ್ಯಾಪೆಟ್‌ಗಳು ಕ್ಯಾಮ್ ಮೇಲೆ ಉಜ್ಜಿಕೊಂಡೇ ಓಡುತ್ತವೆ. ಇಷ್ಟಾದ ಮೇಲೂ ಬಿಸಿ ಎಂಜಿನ್ 3000 ಆರ್‌ಪಿಎಂನಲ್ಲಿ 40ಕ್ಕಿಂತ ಕೆಳಗೆ ಬಂದರೆ, ಕೆಳಗಿನಿಂದ ಟಕಟಕ ಸದ್ದೂ ಕೇಳಿದರೆ, ಆಗ ಸಂಪ್ (ಎಂಜಿನ್ ಕೆಳಗಿನ ಆಯಿಲ್ ತಟ್ಟೆ) ಇಳಿಸಿ ಬೇರಿಂಗ್ ನೋಡಿಸಿ.

ಬೀದರ್ ಬೋಲ್ಟ್:
ಐಡಲ್ ಎಷ್ಟಿಟ್ಟಿದ್ದೀರಿ ಅಂತಲೂ ನೋಡಿ. 600ರಲ್ಲಿ ಗುಡುಗುಡು ಅನ್ನುತ್ತಿದ್ದರೆ 800ಕ್ಕೆ ಏರಿಸಿ, ಪಂಪ್ ಅಷ್ಟು ಬೇಗ ತಿರುಗುತ್ತದೆ. ಆಯಿಲ್ ಕೂಲರ್ ಜಾಲರಿಗೆ ಧೂಳು ಮೆತ್ತಿದ್ದರೆ ತೊಳೆಸಿ. ಮಿಸ್ತ್ರಿಗೆ ಆ ವಾಷರ್ ವಾಪಸ್ ಕೊಡಿ.